ಉರಿಮೂತ್ರಕ್ಕೆ ಕ್ರ್ಯಾನ್‌ಬೆರಿ: ಯಾರಿಗೆ, ಎಷ್ಟು, ಯಾವಾಗ ಬೇಡ

‘ಉರಿಮೂತ್ರ ಶುರುವಾಗಿದೆ, ಕ್ರ್ಯಾನ್‌ಬೆರಿ ಮಾತ್ರೆ ತೆಗೆದುಕೊಳ್ಳಲೇ?’ ಈ ಪ್ರಶ್ನೆ ಬಾರದ ವಾರವಿಲ್ಲ. ಬೆನ್ನಿಗೇ ಇನ್ನೆರಡು: ‘ಮಗಳು ಅಮೆರಿಕದಿಂದ ಬರುವಾಗ ದೊಡ್ಡ ಡಬ್ಬಿ ತಂದಿದ್ದಾಳೆ, ದಿನಕ್ಕೆ ಎಷ್ಟು ನುಂಗಬೇಕು?’, ‘ಸೂಪರ್ ಮಾರ್ಕೆಟ್ಟಿನ ಜ್ಯೂಸ್ ಸಾಕಾಗುತ್ತದೆಯೇ?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಹೇಳಿಬಿಡುವುದು ಮೇಲು.

ಅವಸರದಲ್ಲಿರುವವರಿಗೆ ಮೊದಲೇ ಹೇಳುತ್ತೇನೆ. ಈಗ ಉರಿಯುತ್ತಿರುವ ಸೋಂಕನ್ನು ಕ್ರ್ಯಾನ್‌ಬೆರಿ ವಾಸಿ ಮಾಡುವುದಿಲ್ಲ. ಸೋಂಕು ಪದೇ ಪದೇ ಬರುವ ಕೆಲವರಲ್ಲಿ ಮುಂದಿನ ಸಲ ಬರುವ ಸಾಧ್ಯತೆಯನ್ನು ಅದು ಸ್ವಲ್ಪ ತಗ್ಗಿಸುತ್ತದೆ. ಗೊಂದಲವೆಲ್ಲ ಹುಟ್ಟುವುದು ಈ ಎರಡು ಮಾತುಗಳನ್ನು ಒಂದಾಗಿ ಕಲಸಿಬಿಡುವುದರಿಂದ.

ಹಣ್ಣಿನ ಬಗ್ಗೆ ಒಂದಿಷ್ಟು. ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಜೌಗು ನೆಲದಲ್ಲಿ ಹರಡಿಕೊಂಡು ಬೆಳೆಯುವ ಕುಳ್ಳ ಪೊದೆಯ ಕೆಂಪು ಹಣ್ಣು. ವಿಸ್ಕಾನ್ಸಿನ್, ಮ್ಯಾಸಚೂಸೆಟ್ಸ್, ಕೆನಡಾದ ಕ್ವಿಬೆಕ್ ಇದರ ದೊಡ್ಡ ತೋಟಗಳ ಸೀಮೆ. ನಮ್ಮಲ್ಲಿ ಸಿಗುವುದೆಲ್ಲ ಹೊರಗಿನಿಂದ ಬಂದದ್ದು. ಹಸಿ ಹಣ್ಣು ಎಷ್ಟು ಹುಳಿ ಮತ್ತು ಒಗರೆಂದರೆ ಅಲ್ಲಿಯವರೂ ಸಕ್ಕರೆ ಸುರಿಯದೆ ತಿನ್ನುವುದು ಕಡಿಮೆ. ಈ ಸಕ್ಕರೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಕೆಲಸ ಮಾಡುವ ಬಗೆ ಹೀಗೆ. ಮೂತ್ರನಾಳದ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ಮೂತ್ರದ್ವಾರದಿಂದ ಮೇಲೇರಿ, ತನ್ನ ಮೈಮೇಲಿನ ಕೂದಲಿನಂಥ ಎಳೆಗಳಿಂದ ಮೂತ್ರಕೋಶದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಸೋಂಕು, ಅಂಟದಿದ್ದರೆ ಮೂತ್ರದ ಜೊತೆಗೇ ಕೊಚ್ಚಿಹೋಗುತ್ತದೆ. ಕ್ರ್ಯಾನ್‌ಬೆರಿಯ ಒಗರಿಗೆ ಕಾರಣವಾದ ವಸ್ತುಗಳಲ್ಲಿ ಪ್ರೊಆಂಥೋಸಯನಿಡಿನ್ ಎಂಬುದೊಂದಿದೆ (ಲೇಬಲ್ಲುಗಳ ಮೇಲೆ ‘ಪಿಎಸಿ’ ಎಂದು ಬರೆದಿರುತ್ತಾರೆ, ಇಲ್ಲೂ ಹಾಗೇ ಕರೆಯೋಣ). ಅದರ ‘ಎ’ ಮಾದರಿಯು ಈ ಅಂಟುವಿಕೆಗೆ ಅಡ್ಡಿ ಮಾಡುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಆಗಲೇ ಅಂಟಿಕೊಂಡು ಬೀಡುಬಿಟ್ಟದ್ದನ್ನು ಕಿತ್ತು ಹಾಕುವಷ್ಟು ಶಕ್ತಿಯೂ ಅದಕ್ಕಿಲ್ಲ. ಹಿಂದೆ ಈ ಹಣ್ಣು ಮೂತ್ರವನ್ನು ಆಮ್ಲೀಯಗೊಳಿಸಿ ಕೆಲಸ ಮಾಡುತ್ತದೆ ಎಂದು ನಂಬಿದ್ದರು. ಅಂಟುವಿಕೆಯ ವಿವರಣೆ 1984ರ ಒಂದು ಸಂಶೋಧನೆಯಿಂದ ಮುಂದೆ ಬಂತು. ಹಳೆಯ ಆಮ್ಲದ ಕಥೆ ಮಾತ್ರ ಮೊಬೈಲಿನಿಂದ ಮೊಬೈಲಿಗೆ ಇಂದಿಗೂ ಓಡಾಡುತ್ತಿದೆ.

ಶುರುಮಾಡುವ ಮುನ್ನ ಕೈಯಲ್ಲಿ ಇರಬೇಕಾದವು: ನೀವು ದಿನವೂ ನುಂಗುವ ಎಲ್ಲ ಔಷಧಿಗಳ ಪಟ್ಟಿ, ಹಿಂದಿನ ಮೂತ್ರ ಪರೀಕ್ಷೆಯ ವರದಿಗಳಿದ್ದರೆ ಅವು, ಮತ್ತು ಒಂದು ಸಣ್ಣ ನೋಟ್‌ಬುಕ್. ಮಾತ್ರೆ ಕೊಳ್ಳಲು ಇನ್ನೂ ಹೊರಡಬೇಡಿ.

1. ಇವತ್ತು ಉರಿ ಇದೆಯೇ? ಹಾಗಾದರೆ ಇದು ಕ್ರ್ಯಾನ್‌ಬೆರಿಯ ಸಮಯವಲ್ಲ

ಮೂತ್ರ ಮಾಡುವಾಗ ಉರಿ, ಪದೇ ಪದೇ ಹೋಗಬೇಕೆನಿಸುವುದು, ಹೋದರೆ ನಾಲ್ಕು ಹನಿ, ಕೆಳಹೊಟ್ಟೆಯಲ್ಲಿ ನೋವು, ಮೂತ್ರಕ್ಕೆ ಕೆಟ್ಟ ವಾಸನೆ ಅಥವಾ ಕದಡಿದ ಬಣ್ಣ. ಇವು ಮೂತ್ರಕೋಶದ ಸೋಂಕಿನ, ವೈದ್ಯರ ಮಾತಿನಲ್ಲಿ ‘ಸಿಸ್ಟೈಟಿಸ್’ನ, ಲಕ್ಷಣಗಳು. ವೈದ್ಯರನ್ನು ಕಾಣಿರಿ.

ಕೆಳಗಿನವುಗಳಲ್ಲಿ ಒಂದಿದ್ದರೂ ನಾಳೆಯವರೆಗೆ ಕಾಯಬೇಡಿ: ಚಳಿ ನಡುಗಿಸಿ ಬರುವ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಯಲ್ಲಿ ನೋವು, ವಾಂತಿ, ಮೂತ್ರದಲ್ಲಿ ಕಣ್ಣಿಗೆ ಕಾಣುವ ರಕ್ತ, ಮೂತ್ರ ಕಟ್ಟಿಕೊಳ್ಳುವುದು. ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಗರ್ಭಿಣಿಯರು, ಮಕ್ಕಳು, ಗಂಡಸರು, ಮಧುಮೇಹಿಗಳು, ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ಕ್ಯಾಥೆಟರ್ (ಮೂತ್ರ ಹೊರಹರಿಸುವ ನಳಿಕೆ) ಹಾಕಿಸಿಕೊಂಡವರು ಸಣ್ಣ ಉರಿಯನ್ನೂ ಮನೆಮದ್ದಿಗೆ ಬಿಡಬಾರದು. ಗಂಡಸರಲ್ಲಿ ಈ ಸೋಂಕು ಅಪರೂಪ. ಬಂದರೆ ಪ್ರಾಸ್ಟೇಟ್ ಅಥವಾ ಕಲ್ಲಿನಂಥ ಕಾರಣ ಇದೆಯೇ ಎಂದು ಹುಡುಕಬೇಕಾಗುತ್ತದೆ.

ಇಲ್ಲಿ ಎಡವುವವರು ಬಹಳ. ‘ಮೈ ಉಷ್ಣವಾಗಿದೆ, ಎಳನೀರು ಕುಡಿದರೆ ಇಳಿಯುತ್ತದೆ’ ಎಂದು ಮೂರು ದಿನ, ಆಮೇಲೆ ಕ್ರ್ಯಾನ್‌ಬೆರಿ ಜ್ಯೂಸಿನಲ್ಲಿ ಇನ್ನು ನಾಲ್ಕು ದಿನ. ಅಷ್ಟರಲ್ಲಿ ಚಳಿಜ್ವರ. ಇನ್ನೊಂದು ದಾರಿ ಅದಕ್ಕಿಂತ ಕೆಟ್ಟದ್ದು: ಕಳೆದ ಸಲ ಬರೆದುಕೊಟ್ಟ ಚೀಟಿಯಲ್ಲಿ ಉಳಿದ ನಾಲ್ಕು ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ನುಂಗಿ ಮುಗಿಸುವುದು. ನಮ್ಮ ದೇಶದ ಇ. ಕೋಲಿ ಹಲವು ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದಂತಾಗಿರುವುದು ಇಂಥ ಅರೆಬರೆ ಚಿಕಿತ್ಸೆಗಳಿಂದಲೂ ಹೌದು.

ಮಧುಮೇಹಿಗಳಿಗೆ ಒಂದು ಮಾತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳು ಈಗ ಎಲ್ಲೆಡೆ ಬಳಕೆಯಲ್ಲಿವೆ. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಅದರಿಂದಾಗಿ ಜನನಾಂಗದ ಸುತ್ತ ಶಿಲೀಂಧ್ರದ ಸೋಂಕು, ಅಂದರೆ ತುರಿಕೆ, ಕೆಂಪಾಗುವಿಕೆ, ಮೊಸರಿನಂಥ ಬಿಳಿ ಸ್ರಾವ ಬರಬಹುದು. ಮೂತ್ರ ಅಲ್ಲಿ ತಾಗಿದಾಗಲೂ ಉರಿಯುತ್ತದೆ. ಅದು ಮೂತ್ರಕೋಶದ ಸೋಂಕಲ್ಲ. ಅದಕ್ಕೆ ಕ್ರ್ಯಾನ್‌ಬೆರಿಯೂ ಬೇಡ, ಆ್ಯಂಟಿಬಯಾಟಿಕ್ಕೂ ಬೇಡ. ಬೇಕಾದ್ದು ಶಿಲೀಂಧ್ರದ ಔಷಧಿ.

2. ಆ್ಯಂಟಿಬಯಾಟಿಕ್‌ಗೆ ಮೊದಲು ಮೂತ್ರದ ಕಲ್ಚರ್

ಕಲ್ಚರ್ ಎಂದರೆ ನಿಮ್ಮ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ. ಆರೋಗ್ಯವಂತ ಯುವತಿಗೆ ಮೊದಲ ಸಲ ಬಂದ ಸರಳ ಸೋಂಕಿಗೆ ಇದು ಯಾವಾಗಲೂ ಬೇಕೆಂದಿಲ್ಲ. ಮರುಕಳಿಸುವವರಿಗೆ ಮಾತ್ರ ಬೇಕೇ ಬೇಕು. ಏಕೆಂದರೆ ಮುಂದೆ ಕ್ರ್ಯಾನ್‌ಬೆರಿಯಿಂದ ಪ್ರಯೋಜನವಾಯಿತೇ ಇಲ್ಲವೇ ಎಂದು ತೀರ್ಮಾನಿಸುವುದು ಈ ವರದಿಗಳ ಆಧಾರದ ಮೇಲೆಯೇ.

ಮಾದರಿ ಕೊಡುವ ಕ್ರಮವನ್ನು ಲ್ಯಾಬಿನಲ್ಲಿ ಯಾರೂ ವಿವರಿಸಿ ಹೇಳುವುದಿಲ್ಲ. ಡಬ್ಬಿ ಕೈಗಿಟ್ಟು ಬಾಗಿಲು ತೋರಿಸುತ್ತಾರೆ, ಅಷ್ಟೆ. ಕೈ ತೊಳೆಯಿರಿ. ಮೂತ್ರದ್ವಾರದ ಸುತ್ತ ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ಸ್ವಚ್ಛಗೊಳಿಸಿ. ಮೊದಲ ಧಾರೆಯನ್ನು ಶೌಚಾಲಯಕ್ಕೆ ಬಿಟ್ಟು, ನಿಲ್ಲಿಸದೆ ನಡುವಿನ ಧಾರೆಯನ್ನು ಡಬ್ಬಿಗೆ ಹಿಡಿಯಿರಿ. ಕೊನೆಯದನ್ನು ಮತ್ತೆ ಹೊರಗೆ ಬಿಡಿ. ಡಬ್ಬಿಯ ಒಳಭಾಗಕ್ಕೂ ಮುಚ್ಚಳದ ಒಳಮೈಗೂ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಿ (ಫ್ರೀಜರಿನಲ್ಲಿ ಅಲ್ಲ). ಮನೆಯಲ್ಲಿದ್ದ ಹಳೆಯ ಜಾಮ್ ಬಾಟಲಿಯನ್ನು ತೊಳೆದು ಅದರಲ್ಲಿ ಒಯ್ದರೆ ವರದಿಯಲ್ಲಿ ಬರುವುದು ಆ ಬಾಟಲಿಯ ಬ್ಯಾಕ್ಟೀರಿಯಾ.

ಯಾವ ಲಕ್ಷಣವೂ ಇಲ್ಲದೆ ವಾರ್ಷಿಕ ತಪಾಸಣೆಯಲ್ಲಿ ಬ್ಯಾಕ್ಟೀರಿಯಾ ಕಂಡಿತೇ? ಗರ್ಭಿಣಿಯರನ್ನು ಬಿಟ್ಟರೆ ಸಾಮಾನ್ಯವಾಗಿ ಅದಕ್ಕೆ ಚಿಕಿತ್ಸೆಯೇ ಬೇಡ. ವಯಸ್ಸಾದವರಲ್ಲಿ ಇದು ತೀರಾ ಸಾಮಾನ್ಯ.

ವೈದ್ಯರು ನೈಟ್ರೊಫ್ಯೂರಾಂಟಾಯಿನ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಟ್ಟಿದ್ದರೆ ಒಂದು ಎಚ್ಚರಿಕೆ. ಉರಿ ಶಮನಕ್ಕೆಂದು ಕೌಂಟರಿನಲ್ಲಿ ಕೇಳಿ ಪಡೆಯುವ ಸಿಟ್ರೇಟ್ ಸಿರಪ್ಪುಗಳು (ಮೂತ್ರವನ್ನು ಕ್ಷಾರೀಯ ಮಾಡುವಂಥವು) ಆ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ. ಒಂದು ಕೈಯಲ್ಲಿ ಮೂತ್ರವನ್ನು ಆಮ್ಲೀಯ ಮಾಡುತ್ತದೆಂದು ನಂಬಿದ ಕ್ರ್ಯಾನ್‌ಬೆರಿ, ಇನ್ನೊಂದು ಕೈಯಲ್ಲಿ ಕ್ಷಾರೀಯ ಮಾಡುವ ಸಿರಪ್ಪು ಹಿಡಿದು ಮನೆಗೆ ಹೋಗುವವರನ್ನು ಕಂಡರೆ ಏನು ಹೇಳಬೇಕೋ ತೋಚುವುದಿಲ್ಲ. ಆ ಸಿರಪ್ಪಿನಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ಕುಡಿಯಬಾರದು.

3. ನೀವು ಯಾವ ಗುಂಪಿನವರು?

ಆರು ತಿಂಗಳಲ್ಲಿ ಎರಡು ಸಲ ಅಥವಾ ಒಂದು ವರ್ಷದಲ್ಲಿ ಮೂರು ಸಲ ಸೋಂಕು ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಕ್ರ್ಯಾನ್‌ಬೆರಿಯ ಬಗ್ಗೆ ಯೋಚಿಸಬೇಕಾದವರು ಮುಖ್ಯವಾಗಿ ಇವರು. ಮೂರು ವರ್ಷಕ್ಕೊಮ್ಮೆ ಬರುವವರು ದಿನವೂ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲ.

ಸಾಕ್ಷ್ಯ ಎಷ್ಟಿದೆ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2012ರಲ್ಲಿ 24 ಅಧ್ಯಯನಗಳನ್ನು ನೋಡಿ ಕ್ರ್ಯಾನ್‌ಬೆರಿಯಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ ಎಂದಿತು. 2023ರಲ್ಲಿ 50 ಅಧ್ಯಯನಗಳು, 8,857 ಜನರ ಮಾಹಿತಿ ಸೇರಿಸಿ ನೋಡಿದಾಗ ಅಭಿಪ್ರಾಯ ಬದಲಾಯಿತು. ಸೋಂಕು ಮರುಕಳಿಸುವ ಮಹಿಳೆಯರಲ್ಲಿ ಅಪಾಯ ಸುಮಾರು ಕಾಲುಭಾಗ ಇಳಿದಿತ್ತು. ಅಂದರೆ ನಾಲ್ವರಿಗೆ ಬರಬೇಕಿದ್ದ ಕಡೆ ಮೂವರಿಗೆ ಬಂತು. ಮಕ್ಕಳಲ್ಲಿ, ಮತ್ತು ಯಾವುದಾದರೂ ಚಿಕಿತ್ಸೆಯ ಕಾರಣಕ್ಕೆ ಸೋಂಕಿನ ಅಪಾಯ ಹೆಚ್ಚಿದವರಲ್ಲಿ ಅರ್ಧದಷ್ಟು ಇಳಿದಿತ್ತು. ಮಕ್ಕಳ ವಿಷಯದಲ್ಲಿ ಮಾತ್ರ ನಿಮ್ಮಷ್ಟಕ್ಕೆ ನಿರ್ಧರಿಸಬೇಡಿ. ಮಗುವಿಗೆ ಜ್ವರದ ಜೊತೆ ಮೂತ್ರದ ಸೋಂಕು ಬಂದರೆ ಮೂತ್ರನಾಳದ ರಚನೆಯಲ್ಲೇ ಏನಾದರೂ ದೋಷವಿದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.

ಪ್ರಯೋಜನ ಕಾಣದ ಗುಂಪುಗಳೂ ಅದೇ ವರದಿಯಲ್ಲಿವೆ: ಆರೈಕೆ ಕೇಂದ್ರಗಳಲ್ಲಿರುವ ವೃದ್ಧರು, ಗರ್ಭಿಣಿಯರು, ನರದ ತೊಂದರೆಯಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದವರು. ವೃದ್ಧರ ಬಗ್ಗೆ 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ನರ್ಸಿಂಗ್ ಹೋಮ್‌ಗಳಲ್ಲಿದ್ದ 185 ವೃದ್ಧೆಯರಲ್ಲಿ ಒಂದು ಗುಂಪಿಗೆ ದಿನಕ್ಕೆ 72 ಮಿಲಿಗ್ರಾಂ ಪಿಎಸಿ ಇರುವ ಮಾತ್ರೆಯನ್ನೂ ಇನ್ನೊಂದಕ್ಕೆ ಸತ್ವವಿಲ್ಲದ ಮಾತ್ರೆಯನ್ನೂ ಒಂದು ವರ್ಷ ಕೊಟ್ಟು ನೋಡಿದರು. ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಹಾಸಿಗೆ ಹಿಡಿದ ಅಜ್ಜಿಗೆಂದು ದುಬಾರಿ ಡಬ್ಬಿ ಕೊಳ್ಳುವವರು ಆ ದುಡ್ಡಿಗೆ ಒಳ್ಳೆಯ ಡೈಪರ್ ತಂದು ಹೊತ್ತುಹೊತ್ತಿಗೆ ಬದಲಿಸಿದರೆ ಹೆಚ್ಚು ಉಪಕಾರವಾದೀತು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2020ರಲ್ಲಿ ಈ ವಿಷಯದಲ್ಲಿ ಅಳೆದು ತೂಗಿ ಮಾತಾಡಿತು. ಹಿಂದೆ ಸೋಂಕು ಬಂದಿದ್ದ ಆರೋಗ್ಯವಂತ ಮಹಿಳೆಯರಲ್ಲಿ ಮರುಕಳಿಕೆಯ ಅಪಾಯವನ್ನು ಇದು ತಗ್ಗಿಸಬಹುದು ಎಂದು ಲೇಬಲ್ ಮೇಲೆ ಬರೆಯಲು ಅಡ್ಡಿಯಿಲ್ಲ, ಆದರೆ ಸಾಕ್ಷ್ಯ ಸೀಮಿತ ಎಂದೂ ಅದೇ ಲೇಬಲ್ಲಿನಲ್ಲಿ ತಿಳಿಸಬೇಕು ಎಂಬುದು ಅದರ ನಿಲುವು. ಜಾಹೀರಾತುಗಳಲ್ಲಿ ಉಳಿದುಕೊಂಡದ್ದು ಮೊದಲರ್ಧ ಮಾತ್ರ.

4. ನಿಮ್ಮ ಔಷಧಿ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ

ಹಣ್ಣು ತಾನೇ, ಏನಾಗುತ್ತದೆ ಎಂದುಕೊಳ್ಳಬೇಡಿ. ಆಹಾರದ ಪ್ರಮಾಣದಲ್ಲಿ ಬಹುತೇಕರಿಗೆ ಇದು ಸುರಕ್ಷಿತವೇ. ಸಾರವನ್ನು ಮಾತ್ರೆಯಾಗಿ ಒತ್ತಿ ತಿಂಗಳುಗಟ್ಟಲೆ ನುಂಗುವಾಗ ಲೆಕ್ಕ ಬೇರೆ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರು, ಉದಾಹರಣೆಗೆ ಹೃದಯದ ಕವಾಟ ಬದಲಾಯಿಸಿಕೊಂಡವರು, ಮೊದಲು ತಮ್ಮ ಹೃದ್ರೋಗ ತಜ್ಞರನ್ನು ಕೇಳಬೇಕು. ಕ್ರ್ಯಾನ್‌ಬೆರಿ ಜ್ಯೂಸ್ ಕುಡಿದ ಕೆಲವರಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪರೀಕ್ಷೆ) ಏರಿದ ವರದಿಗಳು ಬಂದು, ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 2003ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಆಮೇಲೆ ನಡೆದ ನಿಯಂತ್ರಿತ ಅಧ್ಯಯನಗಳಲ್ಲಿ ಮಿತ ಪ್ರಮಾಣದಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೂ ರಕ್ತಸ್ರಾವದ ವಿಷಯದಲ್ಲಿ ಜೂಜಾಡುವುದು ತರವಲ್ಲ. ತೆಗೆದುಕೊಳ್ಳಲೇಬೇಕಿದ್ದರೆ ಐಎನ್‌ಆರ್ ಅನ್ನು ಬೇಗ ಬೇಗ ನೋಡಿಸಬೇಕು.

ಮೂತ್ರಪಿಂಡದ ಕಲ್ಲಿನ ಇತಿಹಾಸ ಇರುವವರು ಎರಡು ಸಲ ಯೋಚಿಸಿ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು, ಕ್ರ್ಯಾನ್‌ಬೆರಿಯಲ್ಲಿ ಆಕ್ಸಲೇಟ್ ಇದೆ. ಐದು ಜನರಿಗೆ ಏಳು ದಿನ ಮಾತ್ರೆ ಕೊಟ್ಟು ನೋಡಿದ ಪುಟ್ಟ ಅಧ್ಯಯನವೊಂದರಲ್ಲಿ ಮೂತ್ರದ ಆಕ್ಸಲೇಟ್ ಶೇ 40ಕ್ಕೂ ಹೆಚ್ಚು ಏರಿತ್ತು. ಬೇರೆ ಅಧ್ಯಯನಗಳು ಬೇರೆ ಮಾತು ಹೇಳುತ್ತವೆ. ಸಣ್ಣ ಅಧ್ಯಯನ ನಿಜ, ಆದರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆವರಿ ಬೆವರಿ ಮೂತ್ರ ಗಟ್ಟಿಯಾಗುವವರು ಇನ್ನೊಂದು ಕಾರಣವನ್ನು ತಾವಾಗಿ ಸೇರಿಸಿಕೊಳ್ಳುವುದೇಕೆ?

ಅಂಗಾಂಗ ಕಸಿ ಮಾಡಿಸಿಕೊಂಡವರು ವೈದ್ಯರ ಒಪ್ಪಿಗೆಯಿಲ್ಲದೆ ಯಾವ ಪೂರಕವನ್ನೂ ತೆಗೆದುಕೊಳ್ಳಬಾರದು. ಆ್ಯಸ್ಪಿರಿನ್ ಅಲರ್ಜಿ ಇರುವವರು ಇದರಲ್ಲಿ ಸ್ಯಾಲಿಸಿಲಿಕ್ ಆಮ್ಲ ಇದೆ ಎಂಬುದನ್ನು ನೆನಪಿಡಿ. ಗರ್ಭಿಣಿಯರು ಹಣ್ಣು ತಿನ್ನಲು ತೊಂದರೆಯಿಲ್ಲ, ಮಾತ್ರೆ ಬೇಡ. ಹೆಚ್ಚು ಕುಡಿದರೆ ಹೊಟ್ಟೆ ಕೆಡುವುದು, ಭೇದಿ, ಎದೆಯುರಿ ಯಾರಿಗಾದರೂ ಆಗಬಹುದು.

5. ಏನು ಕೊಳ್ಳಬೇಕು, ಲೇಬಲ್ ಓದುವುದು ಹೇಗೆ

ದುಡ್ಡು ಪೋಲಾಗುವುದು ಇಲ್ಲೇ.

ಮೊದಲು ಒಣಹಣ್ಣು. ಕೇಕಿಗೂ ಲಡ್ಡಿಗೂ ಹಾಕುವ ಮಿರುಗುವ ಕೆಂಪು ಒಣ ಕ್ರ್ಯಾನ್‌ಬೆರಿಯಲ್ಲಿ 100 ಗ್ರಾಮಿಗೆ 70 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಹೆಚ್ಚಿನದು ಹೊರಗಿನಿಂದ ಸೇರಿಸಿದ್ದು. ತಿನ್ನಲು ರುಚಿ, ಔಷಧಿಯಾಗಿ ಲೆಕ್ಕಕ್ಕಿಲ್ಲ.

ಅಗ್ಗದ ಬೆಲೆಗೆ ‘ಇಂಡಿಯನ್ ಕ್ರ್ಯಾನ್‌ಬೆರಿ’ ಎಂದು ಮಾರುವುದು ಬೇರೆಯೇ ಹಣ್ಣು. ಅದು ಮಲೆನಾಡಿನ ಕುರುಚಲು ಗುಡ್ಡಗಳಲ್ಲಿ ಬಿಡುವ ಕವಳಿ, ಕರಾವಳಿಯವರ ಕರಂಡೆ. ಕಾಯಿ ಮುರಿದರೆ ಬಿಳಿ ಹಾಲು ಒಸರುತ್ತದೆ. ಬೇಕರಿಯವರು ಬಣ್ಣ, ಪಾಕ ಹಾಕಿ ಚೆರ್ರಿ ಎಂದು ಬನ್ನಿನ ಮೇಲೆ ಕೂರಿಸುವುದೂ ಇದನ್ನೇ. ಉಪ್ಪಿನಕಾಯಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಕ್ರ್ಯಾನ್‌ಬೆರಿಗೂ ಅದಕ್ಕೂ ಸಸ್ಯಕುಲದ ನಂಟೂ ಇಲ್ಲ, ಮೂತ್ರದ ಸೋಂಕಿನ ಅಧ್ಯಯನಗಳು ನಡೆದದ್ದೂ ಅದರ ಮೇಲಲ್ಲ.

ಜ್ಯೂಸಿನಲ್ಲಿ ಎರಡು ಬಗೆ. ‘ಕಾಕ್‌ಟೇಲ್’, ‘ಡ್ರಿಂಕ್’ ಎಂದು ಬರೆದದ್ದರಲ್ಲಿ ಹಣ್ಣಿನ ರಸ ಕಾಲು ಭಾಗದಷ್ಟೇ ಇರುವುದು ಸಾಮಾನ್ಯ, ಉಳಿದದ್ದು ನೀರು ಮತ್ತು ಸಕ್ಕರೆ. 240 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 30 ಗ್ರಾಂ, ಅಂದರೆ ಆರೇಳು ಚಮಚ ಸಕ್ಕರೆ. ಮಧುಮೇಹಿಗಳಿಗೆ ಇದು ಸಲ್ಲದು, ಉಳಿದವರಿಗೂ ದಿನನಿತ್ಯದ ಪಾನೀಯವಾಗಬಾರದು. ಸಕ್ಕರೆ ಸೇರಿಸದ ಶುದ್ಧ ರಸ ಸಿಕ್ಕರೂ ಅದರ ಹುಳಿಗೆ ತಿಂಗಳುಗಟ್ಟಲೆ ತಡೆದುಕೊಳ್ಳುವವರು ಕಡಿಮೆ. ಜ್ಯೂಸ್ ಕೊಟ್ಟ ಅಧ್ಯಯನಗಳಲ್ಲಿ ಅರ್ಧಕ್ಕೇ ಬಿಟ್ಟುಹೋದವರು ಬಹಳ ಮಂದಿ ಇದ್ದದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಉಳಿಯುವುದು ಮಾತ್ರೆ ಅಥವಾ ಕ್ಯಾಪ್ಸೂಲ್. ಡಬ್ಬಿಯ ಮುಂಬದಿಯನ್ನು ಬಿಟ್ಟು ಹಿಂಬದಿಯ ಸಣ್ಣಕ್ಷರ ಓದಿ. ನೀವು ಹುಡುಕಬೇಕಾದದ್ದು ಒಂದೇ ಸಂಖ್ಯೆ: ಒಂದು ಮಾತ್ರೆಯಲ್ಲಿ ಪಿಎಸಿ ಎಷ್ಟು ಮಿಲಿಗ್ರಾಂ. ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾದದ್ದು ದಿನಕ್ಕೆ 36 ಮಿಲಿಗ್ರಾಂ. ‘ಕ್ರ್ಯಾನ್‌ಬೆರಿ ಸಾರ 500 ಮಿಲಿಗ್ರಾಂ’ ಎಂದಷ್ಟೇ ಇದ್ದರೆ ಅದರಲ್ಲಿ ಪಿಎಸಿ 36 ಇರಬಹುದು, 5 ಇರಬಹುದು. ‘12,500 ಮಿಲಿಗ್ರಾಂ ತಾಜಾ ಹಣ್ಣಿಗೆ ಸಮ’ ಎಂಬಂಥ ದೊಡ್ಡ ಅಂಕಿಗಳು ಕಣ್ಣು ಕುಕ್ಕಲೆಂದೇ ಇರುವವು. ಪಿಎಸಿಯನ್ನು ಯಾವ ವಿಧಾನದಲ್ಲಿ ಅಳೆದರು ಎಂಬುದೂ ಮುಖ್ಯ. ‘ಡಿಎಂಎಸಿ’ ವಿಧಾನ ಎಂದು ನಮೂದಿಸಿದ್ದರೆ ಒಳ್ಳೆಯ ಗುರುತು. ದ್ರಾಕ್ಷಿ ಬೀಜದ ಸಾರ ಬೆರೆಸಿ ಅಂಕಿ ಏರಿಸುವ ಕಲಬೆರಕೆಯೂ ಈ ವ್ಯಾಪಾರದಲ್ಲಿದೆ. ದ್ರಾಕ್ಷಿಯ ಪಿಎಸಿ ‘ಬಿ’ ಮಾದರಿಯದು, ನಮಗೆ ಬೇಕಾದ ‘ಎ’ ಅಲ್ಲ.

ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳ ಸಂಖ್ಯೆ ಇದೆಯೇ ನೋಡಿ. ಜೊತೆಗೆ ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಒಕ್ಕಣೆಯೂ ಇರುತ್ತದೆ. ಅದನ್ನು ಓದಿ ಗಾಬರಿಯಾಗಬೇಡಿ. ನಮ್ಮಲ್ಲಿ ಇದು ಆಹಾರ ಪೂರಕ, ಔಷಧಿಯ ಕಾನೂನಿನಡಿ ಬರುವುದಿಲ್ಲ ಎಂಬುದರ ಸೂಚನೆ ಅದು. ಅಂದರೆ ಔಷಧಿಗಿರುವ ಕಟ್ಟುನಿಟ್ಟಿನ ಪರೀಕ್ಷೆಯೂ ಇದಕ್ಕಿಲ್ಲ.

ನಮ್ಮ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಕ್ರ್ಯಾನ್‌ಬೆರಿ ಮತ್ತು ಡಿ-ಮ್ಯಾನೋಸ್ ಎರಡೂ ಸೇರಿದ ಪೊಟ್ಟಣ. ಡಿ-ಮ್ಯಾನೋಸ್ ಒಂದು ಬಗೆಯ ಸಕ್ಕರೆ, ಇದೂ ಇ. ಕೋಲಿಯ ಅಂಟುವಿಕೆಯನ್ನು ತಡೆಯುತ್ತದೆಂದು ಆಶಿಸಿದ್ದರು. ಬ್ರಿಟನ್ನಿನಲ್ಲಿ 598 ಮಹಿಳೆಯರ ಮೇಲೆ ಆರು ತಿಂಗಳು ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದನ್ನು ತೆಗೆದುಕೊಂಡವರಲ್ಲಿ ಶೇ 51 ಮಂದಿ ಸೋಂಕಿಗಾಗಿ ಮತ್ತೆ ವೈದ್ಯರ ಬಳಿ ಬಂದರು, ತೆಗೆದುಕೊಳ್ಳದವರಲ್ಲಿ ಶೇ 55.7. ಇದನ್ನು ವ್ಯತ್ಯಾಸವೆಂದು ಒಪ್ಪಲಾಗದು. ಅದಕ್ಕೆಂದು ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

6. ತೆಗೆದುಕೊಳ್ಳುವ ಕ್ರಮ

ಸೋಂಕು ಇದ್ದರೆ ಮೊದಲು ಅದನ್ನು ಪೂರ್ತಿ ವಾಸಿ ಮಾಡಿಕೊಳ್ಳಿ. ಆ್ಯಂಟಿಬಯಾಟಿಕ್ ಮುಗಿದ ಮೇಲೆ ಶುರುಮಾಡಿ. ದಿನಕ್ಕೆ ಒಟ್ಟು 36 ಮಿಲಿಗ್ರಾಂ ಪಿಎಸಿ, ಸಾಧ್ಯವಾದರೆ ಬೆಳಗ್ಗೆ ಅರ್ಧ, ರಾತ್ರಿ ಅರ್ಧ. ಮೂತ್ರದಲ್ಲಿ ಇದರ ಪ್ರಭಾವ ಗಂಟೆಗಳು ಕಳೆದಂತೆ ಇಳಿಯುತ್ತದೆ. ನೀರು ಧಾರಾಳವಾಗಿ ಕುಡಿದು ನುಂಗಿ, ಹೊಟ್ಟೆ ಉರಿಯುವವರು ಊಟದ ನಂತರ.

ದಿನ ಬಿಟ್ಟು ದಿನ, ನೆನಪಾದಾಗ, ಪ್ರಯಾಣಕ್ಕೆ ಮುಂಚೆ ಎಂದರೆ ಕೆಲಸ ಮಾಡದು. ಕನಿಷ್ಠ ಆರು ತಿಂಗಳು ಬಿಡದೆ ತೆಗೆದುಕೊಂಡರೆ ಮಾತ್ರ ಏನಾದರೂ ಹೇಳಬಹುದು. ನೋಟ್‌ಬುಕ್ಕಿನಲ್ಲಿ ಶುರುಮಾಡಿದ ದಿನಾಂಕ, ಪ್ರತಿ ಸಲ ಲಕ್ಷಣ ಬಂದ ದಿನಾಂಕ, ಕಲ್ಚರ್ ಫಲಿತಾಂಶ ಮತ್ತು ಬ್ಯಾಕ್ಟೀರಿಯಾದ ಹೆಸರು ಬರೆಯಿರಿ. ಹೆಸರು ಏಕೆಂದರೆ, ಕ್ರ್ಯಾನ್‌ಬೆರಿಯ ಮೇಲಿನ ಸಾಕ್ಷ್ಯವೆಲ್ಲ ಮುಖ್ಯವಾಗಿ ಇ. ಕೋಲಿಯ ಕುರಿತದ್ದು. ನಿಮಗೆ ಪ್ರತಿ ಸಲವೂ ಬೇರೆ ಬ್ಯಾಕ್ಟೀರಿಯಾ ಬರುತ್ತಿದ್ದರೆ ಬೇರೆ ದಾರಿ ನೋಡಬೇಕು.

ನಡುವೆ ಮತ್ತೆ ಉರಿ ಬಂದರೆ ಮಾತ್ರೆಯನ್ನು ಎರಡರಷ್ಟು ಮಾಡಿ ಕಾಯಬೇಡಿ. ಒಂದನೇ ಹಂತಕ್ಕೆ ಹಿಂತಿರುಗಿ.

7. ಮಾತ್ರೆಗಿಂತ ಅಗ್ಗವಾದದ್ದು

ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಕುಡಿಯುತ್ತಿದ್ದ, ಸೋಂಕು ಮರುಕಳಿಸುತ್ತಿದ್ದ 140 ಮಹಿಳೆಯರಲ್ಲಿ ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ನೀರು ಕುಡಿದವರಲ್ಲಿ ಸರಾಸರಿ 1.7 ಸಲ, ಕುಡಿಯದವರಲ್ಲಿ 3.2 ಸಲ ಸೋಂಕು ಬಂದಿತ್ತು. ಬರೀ ನೀರು! ಸೋಂಕು ಮರುಕಳಿಸುವ ಮಹಿಳೆಯರಲ್ಲಿ ಕ್ರ್ಯಾನ್‌ಬೆರಿ ಇಳಿಸಿದ್ದು ಸುಮಾರು ಕಾಲುಭಾಗವಷ್ಟೇ.

ಆದರೆ ನಮ್ಮಲ್ಲಿ ಹೆಂಗಸರು ನೀರು ಕುಡಿಯದಿರುವುದು ಮರೆವಿನಿಂದಲ್ಲ. ಬೆಳಗಿನ ಬಸ್ ಹತ್ತಿದರೆ ಊರು ಸೇರುವ ತನಕ ಕಾಲಿಡಬಹುದಾದ ಶೌಚಾಲಯ ಸಿಗುವುದಿಲ್ಲ. ಹೊಲದ ಕೆಲಸ, ಗಾರ್ಮೆಂಟ್ಸ್ ಕಾರ್ಖಾನೆಯ ಪಾಳಿ, ಮದುವೆ ಛತ್ರದಲ್ಲಿ ಮೂವತ್ತು ಜನರಿಗೊಂದು ಬಚ್ಚಲು. ಎದ್ದಾಗಿನಿಂದ ಎರಡು ಗುಟುಕಿಗಿಂತ ಹೆಚ್ಚು ಕುಡಿಯದೆ, ಬಂದದ್ದನ್ನು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಈ ಕೊರತೆಯನ್ನು ಸರಿಪಡಿಸುವ ಮಾತ್ರೆ ಇಲ್ಲ. ನಿಮ್ಮ ಕೈಲಾಗುವುದು: ಎದ್ದ ಕೂಡಲೇ ಮತ್ತು ಮನೆ ತಲುಪಿದ ಕೂಡಲೇ ದೊಡ್ಡ ಲೋಟ ನೀರು, ಹೊರಡುವ ಮುನ್ನ ಮೂತ್ರಕೋಶ ಖಾಲಿ ಮಾಡುವುದು, ಶೌಚಾಲಯ ಸಿಕ್ಕ ಕಡೆಯಲ್ಲೆಲ್ಲ ಹೋಗಿಬರುವುದು. ಸಂಭೋಗದ ನಂತರ ಮೂತ್ರ ಮಾಡುವ ಅಭ್ಯಾಸವನ್ನೂ ವೈದ್ಯರು ಹೇಳುತ್ತಾರೆ. ವೀರ್ಯಾಣುನಾಶಕ ಲೇಪಿತ ಕಾಂಡೋಮ್, ಜೆಲ್ ಬಳಸುವವರಲ್ಲಿ ಸೋಂಕು ಹೆಚ್ಚು, ಅದನ್ನು ಬದಲಾಯಿಸಿ.

ಬಾರ್ಲಿ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು, ನೀರು ಮಜ್ಜಿಗೆ ಇವನ್ನೂ ಕೇಳುತ್ತೀರಿ. ಧಾರಾಳವಾಗಿ ಕುಡಿಯಿರಿ, ಹೊಟ್ಟೆಗೆ ಹೋಗುವ ದ್ರವ ಹೆಚ್ಚಾಗುವುದೇ ಅವುಗಳ ದೊಡ್ಡ ಗುಣ. ಮೂತ್ರಪಿಂಡ ದುರ್ಬಲವಾದವರಿಗೆ ಎಳನೀರು ಮಾತ್ರ ಅಪಾಯ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹೇಳಿಸಿಕೊಂಡವರು ಈ ಹಂತವನ್ನು ಪಾಲಿಸಬೇಡಿ.

8. ಆರು ತಿಂಗಳ ನಂತರ

ನೋಟ್‌ಬುಕ್ ತೆರೆದು ಹಿಂದಿನ ಆರು ತಿಂಗಳ ಜೊತೆ ಹೋಲಿಸಿ. ಸೋಂಕು ಇಳಿದಿದ್ದರೆ ಮುಂದುವರಿಸುವ ವಿಚಾರವನ್ನು ವೈದ್ಯರೊಂದಿಗೆ ಮಾತಾಡಿ. ಇಳಿದಿಲ್ಲವಾದರೆ ಬ್ರ್ಯಾಂಡ್ ಬದಲಿಸಿ ಇನ್ನಾರು ತಿಂಗಳು ತಳ್ಳಬೇಡಿ, ಮಾತ್ರೆ ನಿಲ್ಲಿಸಿ.

ಮುಟ್ಟು ನಿಂತ ಮಹಿಳೆಯರಿಗೆ ಈ ಹೊತ್ತಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಯೋನಿಯೊಳಗೆ ಹಚ್ಚುವ ಈಸ್ಟ್ರೊಜನ್ ಕ್ರೀಮ್ ತಮಗೆ ಆಗುತ್ತದೆಯೇ ಎಂಬುದು. ಆ ವಯಸ್ಸಿನಲ್ಲಿ ಮರುಕಳಿಕೆ ತಡೆಯಲು ಕ್ರ್ಯಾನ್‌ಬೆರಿಗಿಂತ ಅದರ ಆಧಾರ ಗಟ್ಟಿಯಾಗಿದೆ, ಸಂಕೋಚದಿಂದ ಯಾರೂ ಕೇಳುವುದಿಲ್ಲ ಅಷ್ಟೆ. ಉಳಿದವರು ಮೆಥೆನಮಿನ್ ಹಿಪ್ಪುರೇಟ್ ಎಂಬ ಮಾತ್ರೆಯ ಬಗ್ಗೆ ಕೇಳಬಹುದು. ಇದು ಆ್ಯಂಟಿಬಯಾಟಿಕ್ ಅಲ್ಲ. ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕು ತಡೆಯುವುದರಲ್ಲಿ ದಿನವೂ ಕೊಡುವ ಸಣ್ಣ ಪ್ರಮಾಣದ ಆ್ಯಂಟಿಬಯಾಟಿಕ್‌ಗಿಂತ ಹೇಳುವಷ್ಟು ಹಿಂದೆ ಬೀಳಲಿಲ್ಲ. ರಕ್ತದ ಸಕ್ಕರೆ ಪರೀಕ್ಷೆ, ಮತ್ತು ಮೂತ್ರ ಮಾಡಿದ ಮೇಲೆ ಕೋಶದಲ್ಲಿ ಎಷ್ಟು ಉಳಿಯುತ್ತದೆ ಎಂದು ತೋರಿಸುವ ಸ್ಕ್ಯಾನ್ ಇನ್ನೂ ಆಗಿಲ್ಲದಿದ್ದರೆ ಅವನ್ನೂ ಕೇಳಿ. ಹೋಗುವಾಗ ಕಲ್ಚರ್ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಒಯ್ಯಿರಿ, ಕ್ರ್ಯಾನ್‌ಬೆರಿ ಡಬ್ಬಿಯನ್ನೂ ಚೀಲದಲ್ಲಿಟ್ಟುಕೊಳ್ಳಿ. ‘ಯಾವುದೋ ಕೆಂಪು ಮಾತ್ರೆ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.